ಹನ್ನೊಂದು ದಿವಸಕ್ಕ ಬಂದ ನೀರು

ಬೆಟಗೇರಿಯೊಳಗ ಏಪ್ರಿಲ್ ಅಂದ್ರ
ಮಾಳಿಗಿ ಮ್ಯಾಲ ಐದು ಹಾಸಿಗಿ, ಒಂದಽ ಚಾದರ.
ಯಾರೂ ಹೊಚ್ಚಿಕೊಳ್ಳಂಗಿಲ್ಲ. ದಾನೇಶ್ವರಿ ಮಾತ್ರ
ಸೊಳ್ಳಿಗೆ ಅಂಜಿ ಮುಸುಕು ಹಾಕ್ಕೊಂಡು ಒಳಗಽ ಬೆವರತಾಳ.

ಕೆಳಗ ಹಿತ್ತಲ ನಳದ ಬಾಯಿಗೆ
ಅತ್ತಿ ಒಂದು ಹಿತ್ತಾಳಿ ತಾಟು ಬೋರಲು ಇಟ್ಟಾಳ.
ಹನಿ ಬಿದ್ರ ಠಣ್ ಅಂತೈತಿ.
"ನಿಮ್ಮ ಮೊಬೈಲಿನ ಅಲಾರಂ ಯಾರಿಗೆ ಬೇಕು?"

ಮೊದಲು ನೀರಲ್ಲ, ಗಾಳಿ.
ಬೀಡಿ ಸೇದೋ ಮುದುಕನಂಗ ನಳ ಕೆಮ್ಮತೈತಿ,
ಕೆಮ್ಮಿ ಕೆಮ್ಮಿ ಸುಮ್ಮನಾಗತೈತಿ,
ಬಂದಿಲ್ಲ ಬಿಡು ಅಂತ ಮಗ್ಗಲಾಗೂದರೊಳಗ
ಠಣ್.

"ಏಳ್ರೋ! ಬಂತು!"
ಅತ್ತಿ ಕೊಟ್ರವ್ವನ ಮೊಣಕಾಲು ಹಗಲೆಲ್ಲಾ ನೋಯ್ತಾವ,
ರಾತ್ರಿ ಎರಡು ಗಂಟೇಕ್ಕ ಏನೂ ನೋಯಂಗಿಲ್ಲ.
ನಾ ಸೆರಗು ಸರಿ ಮಾಡ್ಕೊಂಡು ಇಳಿಯೂದರೊಳಗ
ರಾಡಿ ಬಸಿದು, ತಾಟು ತೊಳೆದು,
ಎರಡು ಕೊಡ ತುಂಬಿ ನಿಂತಿದ್ಲು.

ಓಣಿಗೆ ಓಣೀನಽ ಎದ್ದಿತ್ತು.
ಆಚಿ ಮನಿ ರಾಜಮಾಬಿ ಮೋಟರ್ ಹಚ್ಚಿದ್ಲು,
ಈಚಿಂದ ಅತ್ತಿ ಬೈದ್ಲು.
ಮೋಟರ್ ನಿಂತಿತು. ಮತ್ತ ಹತ್ತಿತು.
ಬೆಳಗಾದ್ರ ಇಬ್ರೂ ಕೂಡಿ ಶಾವಿಗಿ ಹೊಸಿಯಾವ್ರು.

ನನ್ನ ಗಂಡ ಫಕೀರೇಶ ಡಿಪೋದಾಗ ಬಸ್ಸಿನ ಗಾಲಿ ಬಿಚ್ಚಾಂವ.
ನಳಕ್ಕ ಪೈಪು ಸಿಗಿಸಿ ಸೈಕಲ್ ಟ್ಯೂಬು ಸುತ್ತಿದ,
ಸುತ್ತಿದ ಸಂದಿಯಿಂದ ನೀರು ಅಂವನ ಎದಿಗಽ ಚಿಮ್ಮಿತು.
"ಇನ್ನಷ್ಟು ಬಿಗೀರಿ" ಅಂದೆ.
"ಇರಲಿ ಬಿಡು" ಅಂದ, ಕಣ್ಣು ಮುಚ್ಚಿ.

ಬಚ್ಚಲದ ಮ್ಯಾಲ, ಸಿಂಟೆಕ್ಸಿನ ಬಾಯಿಗೆ
ಟಾರ್ಚ್ ಹಿಡಿದು ತೋಂಟೇಶ:
"ಕಾಲು!"
"ಅರ್ಧ!"
"ಮುಕ್ಕಾಲು!"
ಐದನೇತ್ತಾ ಪಾಸಾಗ್ಯಾನ. ಭಿನ್ನರಾಶಿ ಇಷ್ಟು ಚಂದ
ಸಾಲ್ಯಾಗ ಯಾವತ್ತೂ ಹೇಳಿದ್ದಿಲ್ಲ.

ಕೊಡ ಮುಗಿದೂ, ಬಕೆಟ್ ಮುಗಿದೂ, ಡ್ರಮ್ಮು ತುಂಬಿ ತುಳಕಿತು.
ಇನ್ನೂ ಬರಾಕತ್ತೈತಿ!
ಹಂಗಽ ಬಿಡಾಕ ಮನಸ್ಸು ಬರತೈತೇನು?
ಕುಕ್ಕರ್ ತಂದ್ವಿ. ಹೋಳಿಗಿ ಡಬ್ಬಿ ತಂದ್ವಿ.
ನನ್ನ ತವರಿನ ಗಂಗಾಳ, ಅದರಾಗ ಇನ್ನೂ ಯಾರೂ ಉಂಡಿಲ್ಲ,
ಬಣ್ಣದ ಡಬ್ಬಿ, ಇಡ್ಲಿ ಪಾತ್ರಿ, ಮಜ್ಜಿಗಿ ಗಡಿಗಿ,
ಉಪ್ಪಿನಕಾಯಿ ತೀರಿದ ಭರಣಿ,
ದಾನೇಶ್ವರಿಯ ಸಾಲಿ ಬಾಟಲಿ,
ಅದರ ಮುಚ್ಚಳ ಸೈತ.

ಆಮ್ಯಾಲ ಹೇಳದಽ ಕೇಳದಽ
ತೋಂಟೇಶ ನಳದ ಕೆಳಗ ಕುಂತ.
ಅಂವನ ಹಿಂದ ಅಕಿ, ಲಂಗ ಸಮೇತ.
"ನೀರು ಹಾಳು ಮಾಡಬ್ಯಾಡ್ರಿ!" ಅತ್ತಿ ಒದರಿದ್ಲು.
ಒಂದು ಚಂಬು ನೀರು ಅತ್ತಿ ಬೆನ್ನ ಮ್ಯಾಲ ಬಿತ್ತು.

ಹಾಕಿದಾಕಿ ನಾನಽ.
ಹನ್ನೆರಡು ವರ್ಷದ ಸೊಸಿ, ಎಲ್ಲಿಂದ ಬಂತೋ ಧೈರ್ಯ.
ಅತ್ತಿ ತಿರುಗಿದ್ಲು.
ಫಕೀರೇಶ ಪೈಪಿನ ಕಡೆ ನೋಡಿದ,
ಮಕ್ಕಳು ನನ್ನ ಕಡೆ ನೋಡಿದ್ರು,
ನಳದ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳಿಲ್ಲ.

"ಇನ್ನೊಂದು ಹಾಕು" ಅಂದ್ಲು.
"ಎಡಗಡೆ ಭುಜಕ್ಕ ಹತ್ತಲಿಲ್ಲ."

ಮೂರೂವರಿಗೆ ಗಿರಮಿಟ್ಟು.
ತಾಟು, ಪ್ಲೇಟು ಎಲ್ಲಾದರಾಗೂ ನೀರು,
ಹಳೇ ಪೇಪರಿನ ಮ್ಯಾಲ ಸುರುವಿಕೊಂಡು
ಹಸಿ ತಲಿ ಐದೂ ಸುತ್ತಗಟ್ಟಿ ಕುಂತ್ವಿ.
ಕೂದಲದ ಹನಿ ಬಿದ್ದಲ್ಲಿ ಮಂಡಕ್ಕಿ ಮೆತ್ತಗಾತು,
ಉಳಿದದ್ದು ಕುರುಂ ಕುರುಂ.
ಹಸಿಮೆಣಸಿನಕಾಯಿ ಕಡಿದು ಅಳಾಕತ್ತಿದ ಮಗಳು
ಅಳಕೋತಽ ಇನ್ನೊಂದು ಹಿಡಿ ತಗೊಂಡ್ಲು.

ನಾಕಕ್ಕ ನಳ ಮತ್ತ ಕೆಮ್ಮಿತು, ನಿಂತಿತು.
ಫಕೀರೇಶ ಕ್ಯಾಲೆಂಡರಿನಾಗ ಇವತ್ತಿನ ತಾರೀಖಿಗೆ ಗುಂಡು ಸುತ್ತಿದ.
"ಚಾ ಇಡು" ಅಂದ.
ಯಾವುದರಾಗ ಇಡ್ಲಿ?
ಚಾದ ಪಾತೇಲಿನೂ ಕಂಠಮಟ ತುಂಬೇತಿ,
ಚೆಲ್ಲಾಕ ಯಾರ ಕೈಯೂ ಏಳವಲ್ದು.

ಅತ್ತಿ ಎರಡೂ ಕೈಲೆ ಎತ್ತಿ ಒಂದು ಗುಟುಕು ಕುಡಿದ್ಲು,
ಮಗನ ಕಡೆ ದಾಟಿಸಿದ್ಲು, ಅಂವ ನನ್ನ ಕಡೆ.
ಒಂದೀಟು ಯಾಲಕ್ಕಿ ವಾಸನಿ ಇತ್ತು.
ದಾನೇಶ್ವರಿ ಮೂಗು ಮುಳುಗಿಸಿದ್ಲು.
ಹಿಂಗ ಎರಡು ಸುತ್ತು ಬಂದ ಮ್ಯಾಲ
ತೋಂಟೇಶ ಬಗ್ಗಿ ಟಾರ್ಚ್ ಬಿಟ್ಟು ನೋಡಿದ.
"ಅರ್ಧ!"

ಐದು ಕಪ್ಪಿಗೆ ಅಷ್ಟಽ ಬೇಕು.
ಒಲಿ ಹಚ್ಚಿದೆ.