ಅರ್ಧ ಅಳತೆ ಬಿಗಿ

ಗ್ರಿಮ್ಸ್‌ಬಿಯ ಈಜುಕೊಳದ ಮೇಲಂತಸ್ತಿನಲ್ಲಿ
ಗುರುವಾರ ನಾಲ್ಕೂವರೆಗೆ ನಮ್ಮ ಓದುಕೂಟ.
ನೆಲದ ಸಂದಿಯಿಂದ ಕ್ಲೋರಿನ್ ವಾಸನೆ, ಶಿಳ್ಳೆ,
ಧೊಪ್ಪೆಂದು ನೀರಿಗೆ ಬೀಳುವ ಪುಟ್ಟ ಮಕ್ಕಳು.
ಆರು ಜನ ಹುಡುಗ ಹುಡುಗಿಯರು, ಒಂದು ಡಬ್ಬಿ ಬಿಸ್ಕತ್ತು,
ಅರವತ್ತಮೂರರ ನಾನು.
ಬಿಸ್ಕತ್ತು ಮೊದಲು ಮುಗಿಯುತ್ತದೆ,
ಮಾತು ಆಮೇಲೆ ಶುರು.

ಓದುವುದೆಲ್ಲ ಅವರದೇ ವಯಸ್ಸಿನವರ ಕಾದಂಬರಿ.
ಒಂದೇ ಬೇಸಿಗೆಯಲ್ಲಿ ಒಬ್ಬ ಹುಡುಗಿಗೆ
ಮೊದಲ ಮುತ್ತು, ಅಜ್ಜಿಯ ಸಾವು,
ಅಪ್ಪನಿಗೆ ಬೇರೊಂದು ಸಂಸಾರವಿದ್ದದ್ದು ಗೊತ್ತಾಗುವುದು, ಎಲ್ಲ.
ಕೊನೆಗೆ ಬಂಡೆಯ ತುದಿಯಲ್ಲಿ ಕೂದಲು ಗಾಳಿಗೆ ಬಿಟ್ಟು
ಒಂದೂ ತಪ್ಪಿಲ್ಲದ ವಾಕ್ಯಗಳಲ್ಲಿ
ಎದೆಯಲ್ಲಿದ್ದದ್ದನ್ನು ಸುರಿದುಬಿಡುತ್ತಾಳೆ.
“ಹತ್ತೊಂಬತ್ತನೇ ಅಧ್ಯಾಯಕ್ಕೆ ಯಾರೋ ಸಾಯ್ತಾರೆ, ಮಿಸೆಸ್ ಬ್ಲೈತ್,
ಬೇಕಾದ್ರೆ ಪಂದ್ಯ ಕಟ್ಟಿ” ಅಂದ ಟೋಬಿನ್.
ಕಟ್ಟಿದೆ. ಹದಿನೆಂಟಕ್ಕೇ ಸತ್ತರು.
ಐವತ್ತು ಪೆನ್ಸ್ ಯಾರು ಯಾರಿಗೆ ಕೊಡಬೇಕೆಂದು
ಅರ್ಧ ಗಂಟೆ ಜಗಳ.

ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.
ಇಷ್ಟು ಚೆಂದ ಮಾತಾಡುವ ಮಕ್ಕಳು ಯಾವ ಊರಲ್ಲಿದ್ದಾರೆ?
ಆ ವಯಸ್ಸಿಗೆ ನನ್ನ ಗಂಟಿನಲ್ಲಿ ಇದ್ದದ್ದು ಎರಡೇ ಮಾತು:
ಗೊತ್ತಿಲ್ಲ, ಬಿಡು.

ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ
ಗ್ಲೆನಿಸಳ ಮನೆಯಲ್ಲಿ ಅವಳ ಹೊಸ ಷೂ ಹಾಕಿ ನೋಡುತ್ತಿದ್ದೆ.
ಕಡುಗೆಂಪು. ಎತ್ತರದ ಹಿಮ್ಮಡಿ. ಅರ್ಧ ಅಳತೆ ಬಿಗಿ.
ಅಪ್ಪನ ಟ್ರಾಲರ್ ರೇಡಿಯೊಗೆ ಸಿಗದೆ ಮೂರು ದಿನ.
ಬಾಗಿಲಲ್ಲಿ ಕಂಪನಿಯವನು, ಟೋಪಿ ಕೈಯಲ್ಲಿ.
ಹೇಳಿದ್ದು ಗ್ಲೆನಿಸಳ ಅಮ್ಮನಿಗೆ,
ನೋಡಿದ್ದು ನನ್ನ ಕಾಲನ್ನು.
ಅಲ್ಲಿಗೆ ಅಧ್ಯಾಯ ಮುಗಿಯಲಿಲ್ಲ,
ಉಸಿರಾಡಲೊಂದು ಖಾಲಿ ಹಾಳೆ ಬರಲಿಲ್ಲ.
ಉಗುರಿನ ಸಂದಿಯಲ್ಲಿ ಮೀನಿನ ಪೊರೆ ಹಾಗೇ ಇತ್ತು,
ಟೀವಿಯಲ್ಲಿ ಯಾರೋ ನಗುತ್ತಿದ್ದರು.
ಎರಡು ಮೈಲಿ ಆ ಷೂನಲ್ಲೇ ನಡೆದೆ.
ಹಿಮ್ಮಡಿ ಸುಲಿಯಿತು, ಅತ್ತೆ.
ಹಿಮ್ಮಡಿಗೇ ಅತ್ತದ್ದು, ಅಷ್ಟು ಖಚಿತ.
ದಾರಿಯಲ್ಲಿ ಹಸಿವಾಯಿತು.
ಚಿಪ್ಸ್ ಕೊಂಡು ತಿಂದೆ, ವಿನೆಗರ್ ಜಾಸ್ತಿ ಹಾಕಿಸಿಕೊಂಡು.
ಇದನ್ನು ಯಾರಿಗೂ ಹೇಳಿಲ್ಲ,
ಮೂವತ್ತು ವರ್ಷ ಜೊತೆಗಿದ್ದ ಗಂಡನಿಗೂ.

ಕೆಜಾಯಾ ಕೂಟದಲ್ಲಿ ಬಾಯಿ ಬಿಡುವವಳಲ್ಲ.
ಸ್ವೆಟರಿನ ತೋಳೆಳೆದು ಅಂಗೈ ಮುಚ್ಚಿಕೊಂಡು ಕೂರುತ್ತಾಳೆ.
ಒಂದು ಪುಸ್ತಕವನ್ನು ಹನ್ನೊಂದು ವಾರ ಇಟ್ಟುಕೊಂಡಳು;
ಮೂರು ನೋಟೀಸು ಹೋಗಿ, ಮೊನ್ನೆ ತಂದಿಟ್ಟಳು.
ನೂರ ಎಂಬತ್ತನೇ ಪುಟದಲ್ಲಿ ಬಸ್ ಟಿಕೆಟ್ಟು.
ಪುಸ್ತಕದ ಬೆನ್ನು ಅಲ್ಲಿಗೇ ಮುರಿದಿತ್ತು,
ಅಲ್ಲಿಂದಾಚೆ ಹಾಳೆಗಳು ಗರಿಗರಿ.
ಆ ಪುಟದಲ್ಲಿ ಹುಡುಗನೊಬ್ಬ ಅಡುಗೆಮನೆಗೆ ಬಂದು
‘ಅಮ್ಮಾ, ನಿನ್ನ ಹತ್ರ ಒಂದು ಮಾತು’ ಅನ್ನುತ್ತಾನೆ.
“ಇಷ್ಟ ಆಗಲಿಲ್ವಾ?”
“ಅವನಿಗೆ ಹೇಳೋಕೆ ಬರುತ್ತೆ” ಅಂದಳು.

ಪರದೆಯ ಮೇಲೆ ದಂಡದ ಲೆಕ್ಕ ಮೂಡಿತ್ತು. ಅಳಿಸಿದೆ.
ಬರೆದವರ ಮೇಲಿನ ಸಿಟ್ಟೂ ಕೊಂಚ ಇಳಿದಂತಾಯಿತು.
ಅವರೂ ಹದಿನಾರಕ್ಕೆ ಮೂಕರಾಗಿದ್ದವರೇ ಇರಬೇಕು;
ಇಷ್ಟು ತಡವಾಗಿ ಆ ಬಂಡೆಯ ತುದಿಗೆ ಏದುಸಿರಲ್ಲಿ ಹತ್ತಿ ಹೋಗಿ
ಅಲ್ಲಿ ಸುಮ್ಮನೆ ನಿಂತ ತಮ್ಮದೇ ಬಾಯಿಗೆ
ಒಂದೊಂದೇ ಮಾತು ತುತ್ತು ಮಾಡಿ ಇಡುತ್ತಿರಬೇಕು.

“ಇನ್ನಷ್ಟು ದಿನ ಇಟ್ಟುಕೋ” ಎಂದು ಪುಸ್ತಕ ಅವಳತ್ತ ಸರಿಸಿದೆ.
“ಎಷ್ಟು ದಿನ?”
ನನ್ನ ಮಂಚದ ಕೆಳಗೆ, ರಟ್ಟಿನ ಡಬ್ಬಿಯಲ್ಲಿ,
ಕಡುಗೆಂಪು ಷೂ ಒಂದು ಜೊತೆ.
ಗ್ಲೆನಿಸ್ ಕೇಳಲಿಲ್ಲ, ನಾನು ಕೊಡಲಿಲ್ಲ. ನಲವತ್ತೇಳು ವರ್ಷ.
“ನೋಡೋಣ” ಅಂದೆ.
ಕೆಳಗೆ ಶಿಳ್ಳೆ ಊದಿದರು.
ಟೋಬಿನ್ ಬಿಸ್ಕತ್ತಿನ ಡಬ್ಬಿಯನ್ನು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ.