ಕಾಲಂ ಒಂಬತ್ತು

ರುವೈಸಿನಲ್ಲಿ ಆಗಸ್ಟ್. ಹೊರಗೆ
ಕನ್ನಡಕ ಒರೆಸಿದಷ್ಟೂ ಮತ್ತೆ ಮಂಜು,
ಕೊಲ್ಲಿಯ ನೀರೆಲ್ಲ ಗಾಳಿಗೇರಿ ಕೂತಂತೆ.
ಒಳಗೆ ನಾನು, ಎ.ಸಿ.ಯ ಕೆಳಗೆ ಶಾಲು ಹೊದ್ದು
ತೆರಿಗೆ ರಿಯಾಯಿತಿಯ ಅರ್ಜಿ ತುಂಬುತ್ತಿದ್ದೆ:
ಅಣುಸ್ಥಾವರದ ತರಬೇತಿ ಕಟ್ಟಡ, ಒಂದು.

ಅರ್ಜಿಗೆ ಬೇಕು ಎಲ್ಲದರ ಬೆಲೆ, ಎಲ್ಲದರ ಆಯುಸ್ಸು.
ಕುರ್ಚಿ ಹದಿನಾಲ್ಕು, ಏಳು ವರ್ಷ.
ಪರದೆ ಅರವತ್ತು, ಐದು ವರ್ಷ.
ಕಾಫಿ ಯಂತ್ರ ಇದರಲ್ಲಿ ಬರುವುದಿಲ್ಲವೆಂದು
ದುಬೈಯ ಆಡಿಟರು ಕೆಂಪಿನಲ್ಲಿ ಹೊಡೆದು ಹಾಕಿದ್ದರು.
ನಕಲಿ ನಿಯಂತ್ರಣ ಕೊಠಡಿ, ಒಂದು:
ಅಸಲಿಯದೇ ಗುಂಡಿ, ಅಸಲಿಯದೇ ದೀಪ,
ನೆಲಹಾಸಿನ ಬಣ್ಣವೂ ಅದೇ,
ತಂತಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಕಾಲಂ ಒಂಬತ್ತು: ಈ ಸಾಲಿನಲ್ಲಿ ಆದ ಉತ್ಪಾದನೆ?

ಕೇಳಿದೆ, ತರಬೇತುದಾರ ಶೆಟ್ಟಿಗಾರರನ್ನು.
ಕೈಗಾದಲ್ಲಿ ಇಪ್ಪತ್ತೆರಡು ವರ್ಷ ರಾತ್ರಿಪಾಳಿ ಕಂಡವರು,
ನಗುವಾಗಲೂ ಒಮ್ಮೆ ಗಡಿಯಾರ ನೋಡಿಕೊಳ್ಳುವವರು.
"ಬರಿಯಮ್ಮ," ಎಂದರು, "ಪಂಪು ನಿಂತದ್ದು ಮೂವತ್ತೊಂದು ಸಲ,
ಕೊಳವೆ ಒಡೆದದ್ದು ಹನ್ನೆರಡು,
ಕರೆಂಟು ಪೂರಾ ಹೋದದ್ದು ಒಂಬತ್ತು.
ಸತ್ತವರು ಯಾರೂ ಇಲ್ಲ.
ಅತ್ತವರು ಒಬ್ಬರು, ಹೆಸರು ಬೇಡ."

ಹೆಸರು ನನಗೆ ಗೊತ್ತು. ಮೌಝಾ, ಲಿವಾದ ಕಡೆಯವಳು.
ಅಂದು ಕಾಫಿ ಯಂತ್ರದ ಮುಂದೆ ಬೆರಳು ಗುಂಡಿಯಲ್ಲೇ ಮರೆತು
ಲೋಟ ತುಂಬಿ, ತಟ್ಟೆ ತುಂಬಿ, ನೆಲಕ್ಕೆ ಇಳಿದಿತ್ತು.
"ನಾಲ್ಕು ಸೆಕೆಂಡು ತಡ" ಎಂದಳು
ಮುರುಕು ಹಿಂದಿಯಲ್ಲಿ. ಅಷ್ಟೇ.
ನಾಲ್ಕು ಸೆಕೆಂಡು!
ಒಂದು ರಸೀತಿ ಹುಡುಕಲು ನಾಲ್ಕು ದಿನ ತೆಗೆದುಕೊಳ್ಳುವವಳು ನಾನು,
ಕಾಗದದ ಕರವಸ್ತ್ರ ಕೊಟ್ಟು ಸುಮ್ಮನಾದೆ.

ಮರುದಿನ ಬೆಳಗ್ಗೆ ಆರಕ್ಕೇ ಬಂದಿದ್ದಳು.
ಅದೇ ಕೂಗು, ಅದೇ ಕೆಂಪು, ಅದೇ ಗುಂಡಿ.
ಮತ್ತೆ. ಮತ್ತೆ.
ಗೋಡೆಯ ಈಚೆ ನನ್ನ ಕ್ಯಾಲ್ಕುಲೇಟರಿನ ಬೆರಳಿಗೂ
ಆ ಅಲಾರಮ್ಮಿನ ತಾಳ ಹತ್ತಿಬಿಟ್ಟಿತು,
ಕೂಡಿದ್ದು ಎರಡು ಸಲ ತಪ್ಪಿತು.

ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ನಮ್ಮಲ್ಲಿ ಗಾದೆ ಉಂಟು.
ಬೀಳದ ಬೆಂಕಿಗೆ ದಿನಾ ತೋಡುವವರಿಗೆ
ಗಾದೆಯೂ ಇಲ್ಲ, ಕಾಲಮ್ಮೂ ಇಲ್ಲ.

ಸಂಜೆಯ ಬಸ್ಸಿನಲ್ಲಿ ಶೆಟ್ಟಿಗಾರರಿಗೆ ಬಾಯಿ ತೆರೆದ ನಿದ್ದೆ.
ಕಿಟಕಿಯಾಚೆ ಗುಮ್ಮಟಗಳು, ಆಮೇಲೆ ಉಪ್ಪುನೆಲ,
ಆಮೇಲೆ ಊರಿನ ಮೊದಲ ದೀಪ: ಯಾರದೋ ಅಡುಗೆಮನೆ,
ಯಾರೋ ಈರುಳ್ಳಿ ಹೆಚ್ಚುತ್ತಿದ್ದಾರೆ,
ದೀಪದ ಕಡೆ ನೋಡುವುದೂ ಇಲ್ಲ.

ರಾತ್ರಿ ಅರ್ಜಿ ಕಳಿಸಿದೆ.
ಕಾಲಂ ಒಂಬತ್ತರಲ್ಲಿ, "ಅನ್ವಯಿಸುವುದಿಲ್ಲ."
"ಇತರೆ"ಯಲ್ಲಿ ಕಾಫಿ ಯಂತ್ರವನ್ನು ಮತ್ತೆ ಸೇರಿಸಿದೆ.
ಬೇಕಾದರೆ ಹೊಡೆದು ಹಾಕಲಿ.