ಅಂಚಿನಲ್ಲಿ ಪೆನ್ಸಿಲು

ಬರ್ನ್ಲಿಯ ಲೈಬ್ರರಿಯ ನೆಲಮಾಳಿಗೆಯಲ್ಲಿ
ನನಗೆ ಕೊಟ್ಟ ಕೆಲಸ ಇಷ್ಟೇ:
ಮಾರಾಟಕ್ಕೆ ಹೋಗುವ ಹಳೇ ಪುಸ್ತಕಗಳಲ್ಲಿ
ಓದಿದವರು ಗೀಚಿದ್ದನ್ನು ರಬ್ಬರಿನಿಂದ ಅಳಿಸುವುದು.
ಬುಧವಾರ, ಶುಕ್ರವಾರ. ಗಂಟೆಗಿಷ್ಟು ಅಂತ.
ಬಸ್ಸಿನ ದುಡ್ಡು ಕಳೆದು ಎಷ್ಟು ಉಳಿಯುತ್ತದೆ
ಅಂತ ಆಮೇಲೆ ಹೇಳುತ್ತೇನೆ.

ಇವತ್ತು ಸಿಕ್ಕಿದ್ದು ಕೆಂಪು ರಟ್ಟಿನ ದಪ್ಪ ಕಾದಂಬರಿ.
ಬರೆದವನ ಫೋಟೋ ಇದೆ, ಕೈಗವಸು ತೊಟ್ಟ ಕೈ ಗಲ್ಲದ ಮೇಲೆ.
ಕಥೆ ಇದೇ ಊರಿನ ಮಗ್ಗದ ಹೆಣ್ಣು ವಿನಿಫ್ರೆಡ್‌ಳದು.
ಅವಳು ಬಡವಿ, ಆದ್ದರಿಂದ ಒಳ್ಳೆಯವಳು.
ಸುಂದರಿ, ಆದ್ದರಿಂದ ಸಾಯಬೇಕು.
ನಡುವೆ ನಾನೂರು ಪುಟ ಮಂಜು.

ಅಂಚಿನಲ್ಲಿ ಯಾರೋ ಮೊಂಡು ಪೆನ್ಸಿಲು ಹಿಡಿದು
ಅವನೊಡನೆ ಜಗಳಕ್ಕೆ ಕೂತಿದ್ದಾಳೆ.

ಪುಟ ಹನ್ನೆರಡು: ನಕ್ಕರೆ ಮುತ್ತಿನಂಥ ಹಲ್ಲು.
ಅಂಚಿನವಳು: ಮಗ್ಗದವಳಿಗೆ ಮುಂದಿನ ಹಲ್ಲು ಎಲ್ಲಿಂದ ಬರಬೇಕು?
ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲು ಹೀರಿ ಹೀರಿ
ನನ್ನವು ಇಪ್ಪತ್ತಾರಕ್ಕೇ ಹೋದವು.

ಪುಟ ಎಂಬತ್ತು: ಮೂರು ದಿನ ಹೊಟ್ಟೆಗಿಲ್ಲದೆ
ವಿನಿಫ್ರೆಡ್ ಕಿಟಕಿಯಲ್ಲಿ ನಿಂತು ಚಂದ್ರನನ್ನು ನೋಡುತ್ತಾಳೆ.
ನಿಲ್ಲುವುದಿಲ್ಲ. ಕೂರುತ್ತಾಳೆ.

ಕಡೆಯ ಬ್ರೆಡ್ಡಿನ ತುಂಡನ್ನು ನೆರೆಮನೆಯ ಕೂಸಿಗೆ
ಮುಗುಳ್ನಗುತ್ತಾ ಕೊಟ್ಟಳಂತೆ.
ಕೊಟ್ಟಿದ್ದೇನೆ. ನಕ್ಕಿಲ್ಲ.

ನೂರಾ ಐವತ್ತರಲ್ಲಿ ಗಂಡ ಹೊಡೆಯುತ್ತಾನೆ.
ಲೇಖಕ ಮರುಗಿ ಬರೆಯುತ್ತಾನೆ: ಎತ್ತಿದ್ದು ಅವನ ಕೈಯಲ್ಲ, ಬಡತನದ ಕೈ.
ಇಲ್ಲಿ ಪೆನ್ಸಿಲು ಕಾಗದ ತೂತಾಗುವಷ್ಟು ಒತ್ತಿದೆ:
ಪಾರ್ಕಿನ ಎದುರಿನ ಡಾಕ್ಟರೂ ಎತ್ತುತ್ತಿದ್ದ.
ಆ ಮನೆಯ ದಿಂಬಿನ ಚೀಲ ಒಗೆಯುತ್ತಿದ್ದವಳು ನಾನು.

ರಬ್ಬರು ಕೆಳಗಿಟ್ಟೆ.
ಬಡವನ ಕೋಪ ದವಡೆಗೆ ಮೂಲ ಅಂತ ನಮ್ಮಲ್ಲಿ ಗಾದೆ.
ಯಾರ ದವಡೆ ಅಂತ ಗಾದೆ ಹೇಳುವುದಿಲ್ಲ.

ಇಳಕಲ್ಲಿನಲ್ಲಿ ನಾನು ಹದಿನಾಲ್ಕರವಳು,
ಬಾಡಿಗೆಗೆ ತಂದ ಕಾದಂಬರಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.
ಅದರಲ್ಲಿ ಎಲ್ಲ ಅವ್ವಂದಿರೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವವರೇ.
ನನ್ನವ್ವನ ಸೆರಗು ಒಲೆಯ ಮೇಲಿಂದ ಪಾತ್ರೆ ಇಳಿಸಲಿಕ್ಕೆ,
ಅಂಚಿಗೆ ಸುಟ್ಟ ಕಲೆ, ಮಸಿ.
'ಓದಿ ಅಳಾಕತ್ತಿಯೇನ? ಬಾ, ಕಂಡಿಕೆ ಸುತ್ತು,'
ಎಂದು ಕೂಗಿದರೆ ಕೇಳದಂತೆ ಪುಟ ತಿರುವುತ್ತಿದ್ದೆ.
ನೇಯ್ಗೆಯ ಕೂಲಿ ಅಪ್ಪನ ಕೈಗೆ.
ಕಂಡಿಕೆ ಸುತ್ತಿದ್ದಕ್ಕೆ ಕೂಲಿ ಅಂತ ಒಂದು ಇರುತ್ತದೆಂದೇ
ನಮಗೆ ಯಾರಿಗೂ ಹೊಳೆದಿರಲಿಲ್ಲ, ನನಗಂತೂ.
ಯಾವ ಕಥೆಯಲ್ಲೂ ಇರಲಿಲ್ಲವಲ್ಲ.

ಕೊನೆಯ ಪುಟದಲ್ಲಿ ವಿನಿಫ್ರೆಡ್ ಹಿಮದಲ್ಲಿ ಸಾಯುತ್ತಾಳೆ,
ತುಟಿಯ ಮೇಲೆ ಕ್ಷಮೆ.
ಅಂಚಿನವಳು ಇಲ್ಲಿ ಜಗಳವಾಡಿಲ್ಲ. ಬರೀ ಲೆಕ್ಕ ಬರೆದಿದ್ದಾಳೆ:
ಬಾಡಿಗೆ, ಕಲ್ಲಿದ್ದಲು, ಹಿಟ್ಟು, ಬೂಟಿನ ಅಟ್ಟೆ,
ಎಸ್ತರ್‌ಗೆ ವಾಪಸು ಆರು ಪೆನ್ನಿ.
ಕೂಡಿ ನೋಡಿದೆ. ಸರಿಯಿದೆ.

ಐದಕ್ಕೆ ಫಿಲಿಪಾ ಮೆಟ್ಟಿಲಿಳಿದು ಬರುವ ಸದ್ದು.
ಚೊಕ್ಕವಾಗಿದ್ದರೆ ಎರಡು ಪೌಂಡಿಗೆ ಹೋಗುವ ಪುಸ್ತಕ.
ನಾನು ಹನ್ನೆರಡನೇ ಪುಟಕ್ಕೆ ಹೋಗಿ
ಆ ಮುತ್ತಿನ ಹಲ್ಲಿನ ಸಾಲನ್ನು ಉಜ್ಜಿದೆ.
ಅಚ್ಚು ಹೋಗುವುದಿಲ್ಲ, ಪೆನ್ಸಿಲು ಮಾತ್ರ ಹೋಗುತ್ತದೆ,
ಗೊತ್ತಿದ್ದೂ ಉಜ್ಜಿದೆ, ಹಾಳೆ ಸವೆದು
ಹಿಂದಿನ ಪುಟದ ಮಂಜು ಕಾಣುವವರೆಗೆ.

'ಕೆಟ್ಟುಹೋಯಿತಲ್ಲ,' ಅಂದಳು ಫಿಲಿಪಾ, ಬೈಯದೆ. 'ರದ್ದಿಗೆ ಹಾಕಿಬಿಡು.'
ಈರುಳ್ಳಿಯ ಚೀಲದ ತಳಕ್ಕೆ ಹಾಕಿಕೊಂಡೆ.

ಬಸ್ಸಿನ ದುಡ್ಡು ಕಳೆದು ಉಳಿಯುವುದನ್ನು
ಹೇಳುತ್ತೇನೆ ಅಂದಿದ್ದೆ.
ಹೇಳುವುದಿಲ್ಲ.
ನಮ್ಮ ಮನೆಯಲ್ಲಿ ಕನ್ನಡ ಓದುವವರು
ಇನ್ನೊಬ್ಬರಿದ್ದಾರೆ.